ಹಳೆಯ ಬ್ರೌಸರ್‌ನಲ್ಲಿ ಕಾರ್ಡ್‌ಗಳು ಅಂಟಿಕೊಳ್ಳುತ್ತವೆ, ಫುಟರ್ ಕೆಳಗಿಳಿಯುವುದಿಲ್ಲ: ಏನು ಮಾಡಲಿ?

ನಿಮ್ಮ ಸಮಸ್ಯೆ ಇಷ್ಟು: ಫ್ಲೆಕ್ಸ್‌ಬಾಕ್ಸ್‌ನಲ್ಲಿ (ಪುಟದ ಭಾಗಗಳನ್ನು ಒಂದು ಸಾಲಿನಲ್ಲಿ ಇಲ್ಲವೇ ಕಾಲಂನಲ್ಲಿ ಜೋಡಿಸುವ ವಿಧಾನ) ಜೋಡಿಸಿದ ಕಾರ್ಡ್‌ಗಳು ಈಗಿನ ಕ್ರೋಮ್‌ನಲ್ಲಿ ಚೆನ್ನಾಗಿ ಕಾಣುತ್ತವೆ, ಐಓಎಸ್ 12 ಇರುವ ಐಪ್ಯಾಡ್‌ನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ರಲ್ಲಿ ಫುಟರ್ (ಪುಟದ ಕೊನೆಯ ಪಟ್ಟಿ) ಪರದೆಯ ಬುಡಕ್ಕೆ ಇಳಿಯದೆ ನಡುವೆಯೇ ನಿಲ್ಲುತ್ತದೆ. ಪ್ರತಿ ಬ್ರೌಸರ್‌ಗೂ ಬೇರೆ ಸ್ಟೈಲ್‌ಶೀಟ್ ಬರೆಯಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಬ್ರೌಸರ್‌ನ ಹೆಸರು ಪತ್ತೆಹಚ್ಚುವ ಸ್ಕ್ರಿಪ್ಟ್ ಕೂಡ ಬೇಡ. ಹಳೆಯ ಟ್ಯುಟೋರಿಯಲ್‌ಗಳು ಹೇಳಿಕೊಡುವ ಕಂಡೀಷನಲ್ ಕಾಮೆಂಟ್ (ಎಕ್ಸ್‌ಪ್ಲೋರರ್ ಮಾತ್ರ ಓದುವ ಎಚ್‌ಟಿಎಂಎಲ್ ಸೂಚನೆ) ತಂತ್ರವಂತೂ ಎಕ್ಸ್‌ಪ್ಲೋರರ್ 10ರಲ್ಲೇ ತೆಗೆದುಹಾಕಿದ್ದು, 11ರಲ್ಲಿ ಕೆಲಸಕ್ಕೆ ಬರುವುದಿಲ್ಲ.

ನಾವು ನೆಚ್ಚಬೇಕಾದದ್ದು ಪುಟದ ರೂಪ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ಒಂದು ಮೂಲ ಗುಣವನ್ನು: ಅರ್ಥವಾಗದ ಡಿಕ್ಲರೇಷನ್ (ಒಂದು ಸಾಲಿನ ಸೂಚನೆ) ಸಿಕ್ಕರೆ ಬ್ರೌಸರ್ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಹಾಗಾಗಿ ಎಲ್ಲರಿಗೂ ಅರ್ಥವಾಗುವುದನ್ನು ಮೊದಲು ಬರೆಯಿರಿ, ಹೊಸದನ್ನು ಅದರ ಕೆಳಗೆ ಬರೆಯಿರಿ.

ಈಗ ಐಪ್ಯಾಡ್ ವಿಷಯ. ಫ್ಲೆಕ್ಸ್‌ಬಾಕ್ಸ್‌ನಲ್ಲಿ ಗ್ಯಾಪ್ (ಎಲಿಮೆಂಟ್‌ಗಳ ನಡುವೆ ಅಂತರ ಬಿಡುವ ಸೂಚನೆ) ಬಳಸುವ ಸೌಲಭ್ಯ ಸಫಾರಿಗೆ ಬಂದದ್ದು 2021ರ 14.1 ಆವೃತ್ತಿಯಲ್ಲಿ; ಅದಕ್ಕೂ ಹಳೆಯದರಲ್ಲಿ ಆ ಅಂತರ ಬರುವುದಿಲ್ಲ. ಮೊದಲ ತಲೆಮಾರಿನ ಐಪ್ಯಾಡ್ ಏರ್ ಐಓಎಸ್ 12ಕ್ಕೇ ನಿಂತುಹೋಗಿದೆ. ಅದರಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗೆ ಓಡುವುದು ಸಫಾರಿಯ ಅದೇ ಹಳೆಯ ವೆಬ್‌ಕಿಟ್ ಎಂಜಿನ್ (ಪುಟವನ್ನು ಪರದೆಯ ಮೇಲೆ ಮೂಡಿಸುವ ಭಾಗ). ಆದ್ದರಿಂದ "ಬ್ರೌಸರ್ ಅಪ್‌ಡೇಟ್ ಮಾಡಿ" ಎಂದು ಅದನ್ನು ಬಳಸುವವರಿಗೆ ಹೇಳುವುದರಲ್ಲಿ ಅರ್ಥವೇ ಇಲ್ಲ. ಅವರ ಕೈಯಲ್ಲಿರುವ ಸಾಧನ ಇನ್ನೂ ಗಟ್ಟಿಯಾಗಿದೆ, ಪುಟ ಓದಲು ಬರುವಂತೆ ಮಾಡುವುದು ನಮ್ಮ ಕೆಲಸ ಎಂದೇ ನಾನು ನಂಬಿದ್ದೇನೆ.

ಇಲ್ಲೊಂದು ಬಲೆ ಇದೆ. ಗ್ಯಾಪ್ ಇದೆಯೇ ಎಂದು ಸಪೋರ್ಟ್ಸ್ ನಿಯಮದಲ್ಲಿ (ಬ್ರೌಸರ್‌ಗೆ ಒಂದು ಸೂಚನೆ ಗೊತ್ತಿದ್ದರೆ ಮಾತ್ರ ಒಳಗಿನ ಬ್ಲಾಕ್ ಅನ್ವಯವಾಗುವ ಸಿಎಸ್‌ಎಸ್ ನಿಯಮ) ಕೇಳಿದರೆ ಆ ಹಳೆಯ ಸಫಾರಿ "ಇದೆ" ಎನ್ನುತ್ತದೆ. ಅದು ಹೇಳುತ್ತಿರುವುದು ಗ್ರಿಡ್‌ನ (ಅಡ್ಡ ಮತ್ತು ಲಂಬ ಸಾಲುಗಳ ಕೋಶಗಳಲ್ಲಿ ಜೋಡಿಸುವ ಇನ್ನೊಂದು ವಿಧಾನ) ಗ್ಯಾಪ್ ಬಗ್ಗೆ. ಫ್ಲೆಕ್ಸ್‌ನ ಗ್ಯಾಪ್ ಅನ್ನು ಮಾತ್ರ ಪ್ರತ್ಯೇಕವಾಗಿ ಕೇಳುವ ದಾರಿ ಸಪೋರ್ಟ್ಸ್‌ನಲ್ಲಿಲ್ಲ. ಆದರೆ ಇದೇ ಸಂಗತಿಯನ್ನು ನಮ್ಮ ಅನುಕೂಲಕ್ಕೂ ತಿರುಗಿಸಿಕೊಳ್ಳಬಹುದು: ಕಾರ್ಡ್‌ಗಳನ್ನು ಗ್ರಿಡ್‌ಗೆ ಬದಲಾಯಿಸಿ. ಗ್ರಿಡ್ ಪ್ರಮುಖ ಬ್ರೌಸರ್‌ಗಳಿಗೆ 2017ರಲ್ಲೇ ಬಂದಿದೆ. ಗ್ಯಾಪ್‌ನ ಹಳೆಯ ಹೆಸರು ಗ್ರಿಡ್-ಗ್ಯಾಪ್ ಅನ್ನೂ ಮೇಲಿನ ಸಾಲಿನಲ್ಲಿ ಬರೆದರೆ ಹಿಂದಿನ ಸಫಾರಿ 10.1ರಲ್ಲೂ ಅಂತರ ಸಿಗುತ್ತದೆ.

ಫ್ಲೆಕ್ಸ್ ಬಿಡಲು ಆಗುವುದೇ ಇಲ್ಲ ಎಂದಾದರೆ ಪ್ರತಿ ಕಾರ್ಡ್‌ಗೆ ಸುತ್ತಲೂ 8 ಪಿಕ್ಸೆಲ್ ಮಾರ್ಜಿನ್ (ಹೊರ ಅಂತರ), ಕಂಟೇನರ್‌ಗೆ (ಕಾರ್ಡ್‌ಗಳನ್ನು ಒಳಗಿಟ್ಟುಕೊಂಡ ಎಲಿಮೆಂಟ್) ಮೈನಸ್ 8 ಪಿಕ್ಸೆಲ್ ಮಾರ್ಜಿನ್ ಕೊಡಿ. ಕಂಟೇನರ್ ಪರದೆಯ ಅಂಚಿಗೆ ತಾಗಿಕೊಂಡಿದ್ದರೆ ಅಡ್ಡ ಸ್ಕ್ರಾಲ್ ಬಂದುಬಿಡುತ್ತದೆ, ಹಾಗಾಗಿ ಹೊರಗಿನ ಎಲಿಮೆಂಟ್‌ಗೆ ಪ್ಯಾಡಿಂಗ್ (ಒಳ ಅಂತರ) ಇರಲಿ.

ಎಕ್ಸ್‌ಪ್ಲೋರರ್ 11ಕ್ಕೆ ಸಪೋರ್ಟ್ಸ್ ನಿಯಮವೇ ಗೊತ್ತಿಲ್ಲ, ಇಡೀ ಬ್ಲಾಕ್ ಅನ್ನು ಹಾರಿಸಿಬಿಡುತ್ತದೆ. ಇದು ವರದಾನ. ಹೊರಗೆ ಫ್ಲೋಟ್ (ಎಲಿಮೆಂಟ್ ಅನ್ನು ಒಂದು ಬದಿಗೆ ಸರಿಸುವ ಹಳೆಯ ವಿಧಾನ), ಶೇಕಡಾ ವಿಡ್ತ್ (ಅಗಲ) ಮತ್ತು ಮಾರ್ಜಿನ್ ಇಟ್ಟು ಸಾಲು ಮಾಡಿ, ಗ್ರಿಡ್ ಅನ್ನು ಸಪೋರ್ಟ್ಸ್ ಒಳಗೆ ಬರೆಯಿರಿ. ಗ್ರಿಡ್‌ನ ಮಕ್ಕಳ ಮೇಲೆ ಫ್ಲೋಟ್ ತಾನಾಗಿಯೇ ನಿಷ್ಫಲವಾಗುತ್ತದೆ. ವಿಡ್ತ್ ಮತ್ತು ಮಾರ್ಜಿನ್ ಹಾಗಲ್ಲ: ವಿಡ್ತ್ ಅನ್ನು ಆಟೋಗೆ, ಮಾರ್ಜಿನ್ ಅನ್ನು ಸೊನ್ನೆಗೆ ಅದೇ ಬ್ಲಾಕ್‌ನಲ್ಲಿ ಮರಳಿಸಿ. ಇಲ್ಲದಿದ್ದರೆ, ಸಾಲಿಗೆ ಮೂರು ಕಾರ್ಡ್ ಇಟ್ಟಿದ್ದಲ್ಲಿ, ಗ್ರಿಡ್ ಕೋಶದೊಳಗೆ ಕಾರ್ಡ್ ಮೂರನೇ ಒಂದು ಭಾಗಕ್ಕೆ ಕುಗ್ಗಿ ಕೂರುತ್ತದೆ.

ಫುಟರ್ ದೋಷಕ್ಕೆ ಕಾರಣ ಎಕ್ಸ್‌ಪ್ಲೋರರ್‌ನದೇ. ಕಾಲಂ ದಿಕ್ಕಿನ ಫ್ಲೆಕ್ಸ್ ಕಂಟೇನರ್‌ಗೆ ಮಿನ್-ಹೈಟ್ (ಕನಿಷ್ಠ ಎತ್ತರ) ಕೊಟ್ಟರೆ ಅದು ತಾನು ಬೆಳೆಯುತ್ತದೆ, ಒಳಗಿನ ಮಕ್ಕಳಿಗೆ ಆ ಎತ್ತರ ತಿಳಿಯುವುದಿಲ್ಲ. ಹೊರಗೆ ಇನ್ನೊಂದು ಕಾಲಂ ಫ್ಲೆಕ್ಸ್ ಕಂಟೇನರ್ ಸುತ್ತಿದರೆ ಸರಿಹೋಗುತ್ತದೆ. ಬಾಡಿ ಎಲಿಮೆಂಟೇ ಆ ಕೆಲಸ ಮಾಡಬಲ್ಲದು.

ಕೊನೆಯದಾಗಿ ಪರೀಕ್ಷೆ. ಕ್ರೋಮ್‌ನ ಡಿವೈಸ್ ಟೂಲ್‌ಬಾರ್‌ನಲ್ಲಿ ಐಪ್ಯಾಡ್ ಆರಿಸಿ ನೋಡಿದರೆ ಬದಲಾಗುವುದು ಮುಖ್ಯವಾಗಿ ಪರದೆಯ ಅಳತೆ, ಎಂಜಿನ್ ಕ್ರೋಮ್‌ನದ್ದೇ. ಅಲ್ಲಿ ಈ ದೋಷ ಎಂದಿಗೂ ಕಾಣುವುದಿಲ್ಲ. ನಿಜವಾದ ಹಳೆಯ ಸಾಧನವನ್ನೇ ಮ್ಯಾಕ್‌ಗೆ ಕೇಬಲ್‌ನಿಂದ ಜೋಡಿಸಿ ಸಫಾರಿಯ ವೆಬ್ ಇನ್‌ಸ್ಪೆಕ್ಟರ್ ತೆರೆಯಿರಿ. ಎಕ್ಸ್‌ಪ್ಲೋರರ್‌ಗಾದರೆ ಎಡ್ಜ್ ಬ್ರೌಸರ್‌ನ ಐಇ ಮೋಡ್ (ಎಕ್ಸ್‌ಪ್ಲೋರರ್‌ನ ಎಂಜಿನ್‌ನಲ್ಲಿ ಪುಟ ತೋರಿಸುವ ಸೌಲಭ್ಯ) ಸಾಕು. ಮೂಲ ಎಕ್ಸ್‌ಪ್ಲೋರರ್ 11ಕ್ಕೆ ಬೆಂಬಲ 2022ರ ಜೂನ್ 15ಕ್ಕೆ ನಿಂತರೂ ಈ ಮೋಡ್ ಕನಿಷ್ಠ 2029ರವರೆಗೆ ಇರುತ್ತದೆಂದು ಮೈಕ್ರೋಸಾಫ್ಟ್ ಹೇಳಿದೆ. ಬದಲಾವಣೆ ಮಾಡಿದ ಮೇಲೂ ಫುಟರ್ ಇಳಿಯದಿದ್ದರೆ ನಿಮ್ಮ ಎಚ್‌ಟಿಎಂಎಲ್‌ನ ಹೊರ ಚೌಕಟ್ಟನ್ನು ಪ್ರಶ್ನೆಗೆ ಸೇರಿಸಿ, ನೋಡಿ ಹೇಳುತ್ತೇನೆ.