ಬೇಸ್‌ಮೆಂಟ್ ಥಿಯೇಟರಿಗೆ ಫೋಮ್ ಅಂಟಿಸಿದರೆ ಸದ್ದು ನಿಲ್ಲುತ್ತದೆಯೇ?

ಪುಣೆಯ ಬಾಣೇರಿನ ರೋ ಹೌಸಿನ ಬೇಸ್‌ಮೆಂಟಲ್ಲಿ ಥಿಯೇಟರ್ ಮಾಡಿಸ್ತಿದ್ದೀರಿ, ಅದರ ಮೇಲೆಯೇ ಅತ್ತೆ-ಮಾವ ಮಲಗುವ ಕೋಣೆ, ಗೋಡೆಗೆಲ್ಲ ಫೋಮ್ ಅಂಟಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಫೋಮ್ ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆ, ಡೈಲಾಗ್ ಚೆನ್ನಾಗಿ ಕೇಳಿಸುತ್ತದೆ, ಅಷ್ಟೇ. ಸದ್ದು ಹೊರಗೆ ಹೋಗದಂತೆ ತಡೆಯುವುದು ತೂಕ, ಮತ್ತೆ ಸಂದಿಲ್ಲದ ಮುಚ್ಚಿಗೆ. ಪುಣೆಯಲ್ಲಿ ಇಂಟೀರಿಯರ್ ಕೆಲಸ ಮಾಡಿಸುವ ನಾನು ಇದನ್ನು ಪ್ರತಿ ಗ್ರಾಹಕರಿಗೂ ಹೇಳುತ್ತೇನೆ.

ನಿಮ್ಮ ಗೋಡೆಗಳ ಹಿಂದೆ ಮಣ್ಣಿದೆ, ಅವುಗಳ ಚಿಂತೆ ಕಡಿಮೆ. ದುಡ್ಡೆಲ್ಲ ಸೀಲಿಂಗಿಗೆ ಹಾಕಿ. ನಮ್ಮ ಕಡೆ ಪಿಒಪಿ ಹುಡುಗರು ಫಾಲ್ಸ್ ಸೀಲಿಂಗಿನ ಫ್ರೇಮನ್ನು ನೇರ ಸ್ಲ್ಯಾಬಿಗೇ ಬಿಗಿದುಬಿಡುತ್ತಾರೆ. ಆಗ ಆ ಕಬ್ಬಿಣದ ಮೂಲಕವೇ ಸದ್ದು ಮೇಲೆ ಹತ್ತುತ್ತದೆ. ಸ್ಪ್ರಿಂಗ್ ಅಥವಾ ರಬ್ಬರ್ ಹ್ಯಾಂಗರಿನಿಂದ ಫ್ರೇಮ್ ತೂಗುಬಿಡಿಸಿ. ಒಳಗೆ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಕೆಳಗೆ 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಎರಡು ಪದರ, ಒಂದರ ಜೋಡಣೆಯ ಮೇಲೆ ಇನ್ನೊಂದರ ಜೋಡಣೆ ಬರಬಾರದು. ಗೋಡೆಗೆ ಬೋರ್ಡ್ ತಾಗಿಸದೆ ಸಣ್ಣ ಸಂದು ಬಿಟ್ಟು, ಗಟ್ಟಿಯಾಗದ ಅಕೂಸ್ಟಿಕ್ ಸೀಲೆಂಟ್ ತುಂಬಿಸಿ. ಆಮೇಲೆ ಡೌನ್‌ಲೈಟಿಗೆಂದು ತೂತು ಕೊರೆಯಲು ಬಿಡಲೇಬೇಡಿ, ಇಷ್ಟು ಖರ್ಚು ಮಾಡಿದ್ದು ಆ ತೂತುಗಳಿಂದಲೇ ಸೋರಿಹೋಗುತ್ತದೆ.

ಮೆಟ್ಟಿಲ ಬಾಗಿಲು ಘನ ಮರದ್ದೇ ಇರಲಿ, ಸುತ್ತ ರಬ್ಬರ್ ಗ್ಯಾಸ್ಕೆಟ್, ಕೆಳಗೆ ಡ್ರಾಪ್ ಸೀಲ್, ಅಂದರೆ ಬಾಗಿಲು ಮುಚ್ಚಿದಾಗ ತಾನೇ ಇಳಿದು ನೆಲದ ಸಂದು ಮುಚ್ಚುವ ಪಟ್ಟಿ. ಒಳಗೆ ದೀಪ ಹಾಕಿ, ಹೊರಗೆ ಕತ್ತಲು ಮಾಡಿ ನೋಡಿ. ಬೆಳಕು ಕಂಡಲ್ಲೆಲ್ಲ ಸದ್ದೂ ಹೊರಬರುತ್ತದೆ. ಎಸಿ ಪೈಪಿನ ತೂತನ್ನೂ ಮುಚ್ಚಿಸಿ, ಆದರೆ ಹೊಸ ಗಾಳಿಗೆ ಸದ್ದು ಹೀರುವ ಒಳಪದರವಿರುವ, ತಿರುವುಗಳಿರುವ ಡಕ್ಟ್ ಬೇಕೇ ಬೇಕು.

ಸಬ್‌ವೂಫರ್ (ಬಾಸ್ ಸದ್ದಿನ ಸ್ಪೀಕರ್) ಬಗ್ಗೆ ನಿಮಗೆ ಆಸೆ ಹುಟ್ಟಿಸಲಾರೆ. 40 ಹರ್ಟ್ಜ್ ಅಲೆಯ ಉದ್ದವೇ ಸುಮಾರು ಎಂಟೂವರೆ ಮೀಟರ್, ಈ ಸೀಲಿಂಗಿನಿಂದ ಅದು ತಗ್ಗುತ್ತದೆ, ನಿಲ್ಲುವುದಿಲ್ಲ. ರಾತ್ರಿ ಹತ್ತರ ಮೇಲೆ ಬಾಸ್ ಇಳಿಸಿ. ಹಿರಿಯರ ನಿದ್ದೆ ಕೆಡಿಸಿ ನೋಡುವ ಸಿನಿಮಾ ಯಾಕೆ?

ಇದೆಲ್ಲಕ್ಕಿಂತ ಮೊದಲು ಮಳೆಗಾಲದಲ್ಲಿ ಗೋಡೆ ಪರೀಕ್ಷಿಸಿ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆ ಹನಿ ಕಟ್ಟಿದ್ದರೆ ಮಣ್ಣಿನ ನೀರು ಒಳಬರುತ್ತಿದೆ ಎಂದರ್ಥ. ಆಗ ವಾಟರ್‌ಪ್ರೂಫಿಂಗ್ ಮುಗಿಯುವ ತನಕ ಗೋಡೆಗೆ ಏನನ್ನೂ ಹಾಕಿಸಬೇಡಿ, ಒಳಗೇ ಬೂಸ್ಟು ಹಿಡಿಯುತ್ತದೆ.

ಸೀಲಿಂಗಿಗೆ ಸುಮಾರು ಅರ್ಧ ಅಡಿ ಎತ್ತರ ಹೋಗುತ್ತದೆ. ಬೀಮಿನ ಕೆಳಗೆ ನಿಮಗೆಷ್ಟು ಎತ್ತರ ಸಿಗುತ್ತದೆ ಅಂತ ಅಳೆದು ತಿಳಿಸಿ, ಹ್ಯಾಂಗರ್ ಯಾವುದು ಹೊಂದುತ್ತದೆ ಅಂತ ಹೇಳುತ್ತೇನೆ.