ಮಗಳ ಏರ್ ರೈಫಲ್‌ಗೆ ನಾನೇ ಕೈ ಹಾಕಬಹುದೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಚಿಕ್ಕ ಲೇತ್ ವರ್ಕ್‌ಶಾಪ್ ಇದೆ. ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗಿನಿಂದ ನನ್ನ ಮಗಳು ಶೂಟಿಂಗ್ ಕಲಿಯುವ ಹಟ ಹಿಡಿದಿದ್ದಾಳೆ. ಅವಳಿಗೆಂದು .177 ಇಂಚು ಬೋರಿನ (ನಳಿಕೆಯ ಒಳವ್ಯಾಸ) ಸ್ಪ್ರಿಂಗ್ ಏರ್ ರೈಫಲ್ ಕೊಂಡಿದ್ದೇನೆ. ಅದರ ಬಟ್, ಅಂದರೆ ಹೆಗಲಿಗೆ ಆನಿಸುವ ಮರದ ಭಾಗ, ಅವಳಿಗೆ ಉದ್ದವಾಗುತ್ತದೆ, ಟ್ರಿಗರ್ ಬಿಗಿಯಾಗಿದೆ. ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿದರೆ ಗುರಿ ಸುಧಾರಿಸುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಇವನ್ನೆಲ್ಲ ನಾನೇ ಮಾಡಬಹುದೇ, ತಯಾರಕರಿಗೇ ಕಳಿಸಬೇಕೇ?

ಉತ್ತರ: ತಮ್ಮ ಕೈಚಳಕದ ಬಗ್ಗೆ ಅನುಮಾನವಿಲ್ಲ. ಆದರೆ ತಾವು ಕೇಳಿರುವ ಮೂರು ಕೆಲಸಗಳು ಮೂರು ಬಗೆಯವು. ರೈಫಲ್ಲನ್ನು ಮಗಳ ಮೈಗೆ ಹೊಂದಿಸುವುದು ತಮ್ಮ ಕೆಲಸ. ಒತ್ತಡವನ್ನು ಹಿಡಿದಿಡುವ ಮತ್ತು ಬಿಡುಗಡೆ ಮಾಡುವ ಭಾಗಗಳು ತಮ್ಮವಲ್ಲ.

ಸ್ಪ್ರಿಂಗ್ ವಿಚಾರವನ್ನು ಕೈಬಿಡಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್ ರೈಫಲ್ಲಿನ ಬೋರ್ .177 ಇಂಚನ್ನಾಗಲಿ, ಮೂತಿಯ ಶಕ್ತಿ (ನಳಿಕೆಯಿಂದ ಹೊರಬೀಳುವ ಗುಂಡಿನ ಶಕ್ತಿ) 20 ಜೂಲನ್ನಾಗಲಿ ಮೀರಿದರೆ ಪರವಾನಗಿ ಬೇಕಾಗುತ್ತದೆ. ಪರವಾನಗಿ ಇಲ್ಲದೆ ಶಸ್ತ್ರವನ್ನು ಮಾರ್ಪಡಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕಾನೂನನ್ನು ಬದಿಗಿಟ್ಟರೂ ಅದರಿಂದ ಲಾಭವಿಲ್ಲ. ಹತ್ತು ಮೀಟರ್ ಸ್ಪರ್ಧೆಯ ರೈಫಲ್‌ಗಳು ಪೆಲೆಟ್ಟನ್ನು (ಏರ್ ರೈಫಲ್ಲಿನ ಚಿಕ್ಕ ಗುಂಡು) ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಷ್ಟೇ ಕಳಿಸುತ್ತವೆ, ಆದರೂ ಅರ್ಧ ಮಿಲಿಮೀಟರ್ ಅಗಲದ ಹತ್ತು ಅಂಕದ ಚುಕ್ಕೆಯನ್ನು ಮುಟ್ಟುತ್ತವೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ರೈಫಲ್ಲಿನ ಕುಲುಕು ಹೆಚ್ಚುತ್ತದೆ, ಕಲಿಯುವ ಹುಡುಗಿಯ ಗುರಿ ಕೆಡುತ್ತದೆ.

ಟ್ರಿಗರ್‌ನಲ್ಲಿ ತಯಾರಕರೇ ಕೊಟ್ಟಿರುವ ಹೊಂದಿಸುವ ಸ್ಕ್ರೂ ಇದ್ದರೆ, ಕೈಪಿಡಿ ಹೇಳಿದ ಮಿತಿಯೊಳಗೆ ತಿರುಗಿಸಬಹುದು. ಒತ್ತಿದ ಸ್ಪ್ರಿಂಗನ್ನು ಹಿಡಿದಿಡುವ ಒಳಗಿನ ಕೊಂಡಿಗೆ ಅರ ಹಾಕುವುದು ಮಾತ್ರ ಬೇಡ. ಕೇಸ್ ಹಾರ್ಡನಿಂಗ್ ಮಾಡಿದ, ಅಂದರೆ ಮೇಲ್ಮೈಯನ್ನಷ್ಟೇ ಗಡಸು ಮಾಡಿದ ಭಾಗದ ಗಡಸು ಪದರ ಎಷ್ಟು ತೆಳುವಾಗಿರುತ್ತದೆ ಎಂಬುದು ತಮಗೆ ಗೊತ್ತೇ ಇದೆ. ಅದನ್ನು ಉಜ್ಜಿ ತೆಗೆದರೆ ಕೆಲವು ದಿನ ಟ್ರಿಗರ್ ಬೆಣ್ಣೆಯಂತೆ ನಡೆದು, ಆಮೇಲೆ ಒಳಗಿನ ಮೆತ್ತನೆಯ ಲೋಹ ಸವೆದು, ಯಾರೂ ಎಳೆಯದೆಯೇ ಗುಂಡು ಹಾರುವ ಸ್ಥಿತಿ ಬರುತ್ತದೆ. ಅದು ಮಗುವಿನ ಕೈಯಲ್ಲಿರುವ ರೈಫಲ್. ಒಳಗಿನ ಸ್ಪ್ರಿಂಗ್ ಬಿಚ್ಚುವಾಗಲೂ ಒತ್ತಿ ಕೂತ ಅದರ ಬಲ ಮುಖಕ್ಕೆ ಬಡಿಯಬಹುದು. ಟ್ರಿಗರ್ ಕೆಲಸವನ್ನು ತಯಾರಕರಿಗೇ ಒಪ್ಪಿಸಿ.

ಬಟ್ ಮಾತ್ರ ತಾವೇ ಮಾಡಿ, ನಿಧಾನವಾಗಿ ಮಾಡಿ. ಖಾಲಿ ರೈಫಲ್ಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಮಗಳು ಕಣ್ಣು ಮುಚ್ಚಿಕೊಂಡು ಅದನ್ನು ಹೆಗಲಿಗೇರಿಸಿ, ಕೆನ್ನೆಯನ್ನು ತನಗೆ ಹಾಯೆನಿಸುವಲ್ಲಿ ಇಟ್ಟು, ಆಮೇಲೆ ಕಣ್ಣು ತೆರೆಯಲಿ. ಮುಂದಿನ ಗುರಿಕಾಣಿ ಹಿಂದಿನದರ ನಡುವೆ ಬಾರದೆ ಕೆಳಗೆ ಕುಸಿದು ಕಂಡರೆ, ಕಣ್ಣು ತಗ್ಗಿನಲ್ಲಿದೆ, ಕೆನ್ನೆಯ ಆಸರೆಯನ್ನು ಎತ್ತರಿಸಬೇಕು; ಮೇಲೇರಿ ಕಂಡರೆ ತಗ್ಗಿಸಬೇಕು. ಮೊದಲು ರಟ್ಟು, ಸ್ಪಂಜು, ಟೇಪಿನಿಂದ ಹೊಂದಿಸಿ ಕೆಲವು ವಾರ ನೋಡಿ. ಆಮೇಲಷ್ಟೇ ಮರ ಕೊಯ್ಯಿರಿ. ಉದ್ದವನ್ನೂ ಹೀಗೆಯೇ ನಿರ್ಧರಿಸಿ, ಬಟ್ಟಿನ ತುದಿಯಿಂದ ಕೊಯ್ದ ತುಂಡನ್ನು ಎಸೆಯದೆ ಇಟ್ಟುಕೊಳ್ಳಿ. ಹುಡುಗಿ ಬೆಳೆದಾಗ ಅದೇ ತುಂಡನ್ನು ಉದ್ದ ಸ್ಕ್ರೂಗಳಿಂದ ಮರಳಿ ಜೋಡಿಸಬಹುದು. ಬ್ಯಾರೆಲ್ಲಿಗೆ ಮಾತ್ರ ಗರಗಸ ತಾಗಿಸಬಾರದು.

ಬೆಳಗಾವಿಯ ಮಳೆಗಾಲದಲ್ಲಿ ಮರ ಉಬ್ಬುವುದರಿಂದ ಮರದ ಭಾಗವನ್ನು ಲೋಹಕ್ಕೆ ಬಿಗಿಯುವ ಸ್ಟಾಕ್ ಸ್ಕ್ರೂಗಳನ್ನು ಆಗಾಗ ನೋಡುತ್ತಿರಿ. ಗುರಿ ತಪ್ಪಿದ ಎಷ್ಟೋ ರೈಫಲ್ಲುಗಳಿಗೆ ಬೇಕಿರುವುದು ಆ ಸ್ಕ್ರೂಗಳನ್ನು ಬಿಗಿ ಮಾಡುವುದಷ್ಟೇ. ಗಾಳಿ ಒತ್ತುವ ಕೋಣೆಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುವ ರೂಢಿ ನಮ್ಮಲ್ಲಿದೆ. ಅದು ಒತ್ತಡಕ್ಕೆ ಹೊತ್ತಿಕೊಂಡು ಸಿಡಿಯುತ್ತದೆ, ಬೇಡ.

ಖರ್ಚು ಮಾಡುವ ಮೊದಲು ಮೂರ್ನಾಲ್ಕು ಬಗೆಯ ಪೆಲೆಟ್ ತಂದು, ರೈಫಲ್ಲನ್ನು ಮೆತ್ತನೆಯ ಆಸರೆಯ ಮೇಲಿಟ್ಟು, ಪ್ರತಿಯೊಂದರಲ್ಲಿ ಐದೈದು ಹೊಡೆಸಿ ನೋಡಿ. ಟ್ರಿಗರ್‌ಗಾಗಿ ಕಳಿಸುವಾಗ ಒಳಗೆ ಪೆಲೆಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಖರೀದಿ ಬಿಲ್ಲಿನ ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸಿ.