ಭಾರತದಲ್ಲಿ ಫ್ರೆಂಚರ ಆಸೆಗೆ ತೆರೆ ಎಳೆದ ಯುದ್ಧ ಯಾವುದು?

ಹೆಚ್ಚಿನವರು ಪ್ಲಾಸಿಯ ಹೆಸರು ಹೇಳುತ್ತಾರೆ. ಆದರೆ ಅಲ್ಲಿ ಸೋತವನು ಬಂಗಾಳದ ನವಾಬ. ಫ್ರೆಂಚರ ಬೆನ್ನೆಲುಬು ಮುರಿದದ್ದು ಇಂದಿನ ತಮಿಳುನಾಡಿನ ವಂದವಾಸಿಯಲ್ಲಿ, 1760ರ ಜನವರಿ 22ರಂದು. ಇದೇ ವಾಂಡಿವಾಷ್ ಕದನ.

ಆಂಗ್ಲರ ವಶದಲ್ಲಿದ್ದ ಅಲ್ಲಿನ ಕೋಟೆಗೆ ಫ್ರೆಂಚ್ ಸೇನಾಪತಿ ಲಾಲಿ ಮುತ್ತಿಗೆ ಹಾಕಿದ್ದ. ಆಂಗ್ಲ ಸೇನಾಪತಿ ಐರ್ ಕೂಟ್ ಕೋಟೆಯ ನೆರವಿಗೆ ಧಾವಿಸಿದಾಗ ಬಯಲಿನಲ್ಲೇ ಕಾದಾಟವಾಯಿತು. ಫ್ರೆಂಚರ ಎಡಪಕ್ಕದಲ್ಲಿ ಮದ್ದುಗುಂಡಿನ ಬಂಡಿಯೊಂದು ಸಿಡಿದು ಸಾಲು ಚದುರಿತು. ಅನುಭವಿ ಫ್ರೆಂಚ್ ಸೇನಾನಿ ಬುಸ್ಸಿ ಸೆರೆಯಾದ. ಫ್ರೆಂಚರ ಪರವಾಗಿ ಬಂದಿದ್ದ ಮರಾಠಾ ಕುದುರೆಪಡೆ ಕಾಳಗಕ್ಕೆ ಇಳಿಯಲೇ ಇಲ್ಲ.

ಆದರೂ ಸೋಲಿಗೆ ಆ ಸ್ಫೋಟವನ್ನೇ ದೂರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಬಳ ಸಿಗದ ಫ್ರೆಂಚ್ ಸೈನಿಕರು 1759ರಲ್ಲೇ ದಂಗೆ ಎದ್ದಿದ್ದರು. ನೌಕಾಪಡೆ ಮಾರಿಷಸ್ಸಿಗೆ ಮರಳಿತ್ತು. ಹೈದರಾಬಾದಿನಲ್ಲಿ ಫ್ರೆಂಚರ ಪ್ರಭಾವ ಬೆಳೆಸಿದ್ದ ಬುಸ್ಸಿಯನ್ನು ಲಾಲಿಯೇ ವಾಪಸು ಕರೆಸಿಕೊಂಡಿದ್ದ. ಆಂಗ್ಲರಿಗಾದರೋ ಸಮುದ್ರದ ಹಿಡಿತವೂ ಬಂಗಾಳದ ಹಣವೂ ಇದ್ದವು.

ಮುಂದೆ ಹೈದರ್ ಅಲಿ ಮೈಸೂರಿನಿಂದ ಕಳುಹಿಸಿದ ಪಡೆಗೂ ಫ್ರೆಂಚರ ಮುಖ್ಯ ನೆಲೆಯಾದ ಪಾಂಡಿಚೇರಿಯನ್ನು ಉಳಿಸಲಾಗಲಿಲ್ಲ. 1761ರ ಜನವರಿಯಲ್ಲಿ ಅದು ಶರಣಾಯಿತು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಊರು ಮರಳಿ ಸಿಕ್ಕಿತಾದರೂ ರಾಜಕೀಯ ಬಲ ಮರಳಲಿಲ್ಲ. ಲಾಲಿಗೆ 1766ರಲ್ಲಿ ಪ್ಯಾರಿಸ್ಸಿನಲ್ಲಿ ಶಿರಚ್ಛೇದವಾಯಿತು. ಅಷ್ಟು ದೊಡ್ಡ ಶಿಕ್ಷೆ ಅನ್ಯಾಯವೇ ಸರಿ.